ಸ್ವೀಡನ್‌ಗೆ ಅಧ್ಯಯನ ಪ್ರವಾಸ ಹೊರಡುವವರಿಗೆ ಒಂದು ಸಲಹೆ

ಗೆಳೆಯರೊಡನೆ ಸ್ವೀಡನ್‌ಗೆ ಅಧ್ಯಯನ ಪ್ರವಾಸ ಹೊರಡುವ ವಿದ್ಯಾರ್ಥಿಗಳು, ಗುಂಪಿನ ಹಣವನ್ನೆಲ್ಲ ಒಬ್ಬರ ಕೈಗೆ ಒಪ್ಪಿಸುವ ನಮ್ಮ ರೂಢಿಯನ್ನು ದಯವಿಟ್ಟು ಕೈಬಿಡಿ. ಸ್ಟಾಕ್‌ಹೋಮ್‌ನ ನಗರ ಬಸ್ಸುಗಳಲ್ಲಿ ನಗದು ನಡೆಯುವುದಿಲ್ಲ, ಅನೇಕ ಕೆಫೆಗಳೂ ಕಾರ್ಡನ್ನೇ ಕೇಳುತ್ತವೆ. ಅಲ್ಲಿಯವರು ಹಣ ಪಾವತಿಗೆ ಬಳಸುವ ಸ್ವಿಶ್ ಆ್ಯಪ್‌ಗೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕಾದ್ದರಿಂದ ಪ್ರವಾಸಿಗಳಿಗೆ ಅದು ಒದಗುವುದಿಲ್ಲ. ಮೆಟ್ರೋ ಗೇಟಿನಲ್ಲಿ ಕಾರ್ಡನ್ನು ತಾಕಿಸಿದರೆ 75 ನಿಮಿಷಗಳ ಟಿಕೆಟ್ ಸಿಗುತ್ತದೆ, ಅಷ್ಟರೊಳಗೆ ಬಸ್ಸಿಗೂ ಬದಲಾಯಿಸಬಹುದು. ಆದರೆ ಒಂದು ಕಾರ್ಡಿನಲ್ಲಿ ಒಬ್ಬರಷ್ಟೇ ಹೋಗಬಹುದಾದ್ದರಿಂದ, ವಿದೇಶದ ಬಳಕೆಯನ್ನು ಬ್ಯಾಂಕಿನಲ್ಲಿ ಮೊದಲೇ ಸಕ್ರಿಯಗೊಳಿಸಿದ ಸ್ವಂತ ಕಾರ್ಡು ಪ್ರತಿಯೊಬ್ಬರಲ್ಲೂ ಇರಲೇಬೇಕು. ಸ್ವೀಡನ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ; ಅರ್ಜಿಯನ್ನು ಆರು ತಿಂಗಳ ಮುಂಚೆಯೇ ಸಲ್ಲಿಸಲು ಅವಕಾಶವಿರುವುದರಿಂದ ಪರೀಕ್ಷೆ ಮುಗಿಯಲೆಂದು ಕಾಯಬೇಡಿ.