ಸ್ಪಿತಿಯ ಗೊಂಪಾ (ಬೌದ್ಧ ಮಠ), ಹಳ್ಳಿಗಳಿಗೆ ಹೋಗುವುದು ಹೇಗೆ?

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಎರಡು ದಾರಿಗಳಿವೆ. ಮನಾಲಿಯಿಂದ ಹೊರಟರೆ ಒಂದೇ ದಿನದಲ್ಲಿ ಸ್ಪಿತಿಯ ಮುಖ್ಯ ಊರು ಕಾಝಾ ಸಿಗುತ್ತದೆ. ಶಿಮ್ಲಾದಿಂದ ಕಿನ್ನೌರ್ ಸುತ್ತಿ ಹೋದರೆ ಮೂರ್ನಾಲ್ಕು ದಿನ ಬೇಕು. ಮೊದಲ ಸಲ ಹೋಗುವವರು ಈ ಉದ್ದದ ದಾರಿಯನ್ನೇ ಹಿಡಿಯಿರಿ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಅಲ್ಲಿಂದ 4,500 ಮೀಟರಿಗೂ ಎತ್ತರದ ಕುಂಝುಮ್ ಪಾಸ್ ಅನ್ನು ಒಂದೇ ದಿನದಲ್ಲಿ ಹತ್ತಿ ಇಳಿದರೆ ತಲೆನೋವು, ವಾಂತಿ ಶುರುವಾಗಬಹುದು.

ಕಿನ್ನೌರ್ ದಾರಿಯಲ್ಲಿ ಕಲ್ಪಾದಲ್ಲಿ ಒಂದು ರಾತ್ರಿ ಇರಿ. ನಂತರ ಸ್ಪಿತಿಯ ತಾಬೊ ಹಳ್ಳಿಯಲ್ಲಿ ಎರಡು ರಾತ್ರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ತಲೆನೋವು ಬಂದರೆ ಅಲ್ಲೇ ನಿಲ್ಲಿ. ನಡಿಗೆ ತೂರಾಡಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಯಲೇಬೇಕು. ಹೃದಯದ ತೊಂದರೆ ಇದ್ದವರು ಹೊರಡುವ ಮೊದಲೇ ವೈದ್ಯರನ್ನು ಕಾಣಿ.

ತಾಬೊದಲ್ಲಿ ಎರಡು ರಾತ್ರಿ ಅಂದದ್ದು ಬರೀ ಮೈ ಎತ್ತರಕ್ಕೆ ಒಗ್ಗಲಿ ಅಂತ ಅಲ್ಲ. ಅಲ್ಲಿನ ಗೊಂಪಾ ಕ್ರಿ.ಶ. 996ರದ್ದು. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗೆ ಹೋದರೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತಿರಿ. ಆಗ ಗೋಡೆಗೆ ಅಂಟಿಕೊಂಡ ಮಣ್ಣಿನ ಮೂರ್ತಿಗಳು, ಅವುಗಳ ಸುತ್ತಲಿನ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. 1975ರ ಭೂಕಂಪವನ್ನೂ ತಾಳಿಕೊಂಡ ಗೋಡೆಗಳು ಅವು. ಹತ್ತು ನಿಮಿಷದಲ್ಲಿ ನೋಡಿ ಮುಗಿಸಿದರೆ ಅಷ್ಟು ದೂರ ಹೋದದ್ದೇ ವ್ಯರ್ಥ ಅಲ್ವಾ? ಹಳೆಯ ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಗೋಡೆ ಮುಟ್ಟಬೇಡಿ, ಒರಗಬೇಡಿ.

ಯಾವ ಗೊಂಪಾಕ್ಕೆ ಹೋದರೂ ಚಪ್ಪಲಿ, ಟೋಪಿ ತೆಗೆಯಿರಿ. ಛೋರ್ತೆನ್ (ಬೌದ್ಧ ಸ್ತೂಪ), ಮಂತ್ರ ಕೆತ್ತಿದ ಮಣಿ ಕಲ್ಲುಗಳ ಸಾಲು ಸಿಕ್ಕರೆ ಅದು ನಿಮ್ಮ ಬಲಕ್ಕೆ ಇರುವಂತೆ ದಾಟಿ. ನಮ್ಮ ಪ್ರದಕ್ಷಿಣೆಯ ಹಾಗೆಯೇ. ಪೂಜೆ ನಡೆಯುತ್ತಿದ್ದರೆ ಗೋಡೆ ಬದಿಯಲ್ಲಿ ಕುಳಿತು ಕೇಳಿ. ಸನ್ಯಾಸಿಗಳ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಒಂದು ಮಾತು ಕೇಳಿ.

ಕಾಝಾದ ಮೇಲೆ ಕೀ ಗೊಂಪಾ ಇದೆ. ಇನ್ನೂ ಮೇಲಕ್ಕೆ ಕಿಬ್ಬರ್, ಲಾಂಗ್ಝಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳು. ಕಾಝಾದಲ್ಲಿ ಒಂದೆರಡು ರಾತ್ರಿ ಕಳೆದ ಮೇಲಷ್ಟೇ ಅಲ್ಲಿಗೆ ಹತ್ತಿ. ಹೋಟೆಲ್ ಬಿಟ್ಟು ಯಾರದಾದರೂ ಮನೆಯಲ್ಲಿ ಉಳಿಯಿರಿ. ಎದುರಾದವರಿಗೆ 'ಜುಲೇ' ಅನ್ನಿ. ನಮಸ್ಕಾರಕ್ಕೂ, ಧನ್ಯವಾದಕ್ಕೂ ಅದೇ ಮಾತು. ಅಲ್ಲಿನ ಹಳೆಯ ಕ್ರಮದ ಶೌಚಾಲಯಕ್ಕೆ ನೀರು ಸುರಿಯಬೇಡಿ. ಪಕ್ಕದಲ್ಲಿರುವ ಮಣ್ಣು ಹಾಕಿ. ಅದೆಲ್ಲ ಕೊಳೆತು ಬಟಾಣಿ, ಬಾರ್ಲಿ ಹೊಲಗಳಿಗೆ ಗೊಬ್ಬರವಾಗುತ್ತದೆ. ಮಳೆ ತೀರಾ ಕಡಿಮೆ, ಕರಗಿದ ಹಿಮವೇ ಊರಿಗೆ ನೀರು. ಒಂದು ಬಕೆಟ್ ಉಳಿಸಿದರೂ ಅವರಿಗೆ ದೊಡ್ಡ ಸಹಾಯ. ಲಾಂಗ್ಝಾದಲ್ಲಿ ಶಂಖದಂತೆ ಸುರುಳಿಯಾದ ಕಲ್ಲುಗಳು ಸಿಗುತ್ತವೆ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಗಳ ಗುರುತು ಅವು. ನೋಡಿ, ಸಂತೋಷಪಡಿ. ಕೊಳ್ಳಬೇಡಿ, ತರಬೇಡಿ.

ಬೇಕಾದಷ್ಟು ನಗದು, ಗುರುತಿನ ಚೀಟಿ, ಬೆಚ್ಚನೆಯ ಬಟ್ಟೆ ಜೊತೆಗಿರಲಿ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್ ಕಡೆ ಗುಡ್ಡ ಕುಸಿಯುವುದುಂಟು, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮರಳುವಾಗ ಕುಂಝುಮ್ ತೆರೆದಿದ್ದರೆ ಮನಾಲಿ ಕಡೆಗೇ ಇಳಿಯಬಹುದು. ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ.