ಪರದೆಯ ಮೇಲೆ ಒತ್ತಕ್ಷರ: ಟಚ್‌ಸ್ಕ್ರೀನ್ ಲ್ಯಾಪ್‌ಟಾಪಿಗೆ ಡಿಜಿಟಲ್ ಪೆನ್ ಹೊಂದಿಸುವುದು ಹೇಗೆ?

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮನೆಯಲ್ಲೇ ಪಾಠ ಹೇಳುವ ಮೇಷ್ಟ್ರು ಮಂಡ್ಯದಲ್ಲಿ ಕೂತ ವಿದ್ಯಾರ್ಥಿಗೆ ಆನ್‌ಲೈನ್‌ನಲ್ಲಿ ಒಂದು ಲೆಕ್ಕ ಬಿಡಿಸಿ ತೋರಿಸಬೇಕು ಅಂದುಕೊಳ್ಳಿ. ಮೌಸಿನಿಂದ ಅದು ಆಗುವ ಕೆಲಸವಲ್ಲ. ವರ್ಗಮೂಲದ ಚಿಹ್ನೆ ಬರೆಯುವಷ್ಟರಲ್ಲೇ ಕೈ ಸೋಲುತ್ತದೆ. ಕನ್ನಡ ಮೇಡಂ ಛಂದಸ್ಸಿಗೆ ಪ್ರಸ್ತಾರ ಹಾಕಿ ತೋರಿಸುವಾಗಲೂ ಇದೇ ಕಷ್ಟ. ಇಂಥ ಕಡೆ ಡಿಜಿಟಲ್ ಪೆನ್ ನಿಜಕ್ಕೂ ಉಪಕಾರಿ. ಆದರೂ ಎಷ್ಟೋ ಮನೆಗಳಲ್ಲಿ ಅದು ನಾಲ್ಕು ದಿನ ಆಡಿಸಿದ ಮೇಲೆ ಮೇಜಿನ ಡ್ರಾಯರ್ ಸೇರುತ್ತದೆ. ಬಹುಪಾಲು ಕಾರಣ ಒಂದೇ: ಕೊಂಡ ಪೆನ್ನಿಗೂ ಮನೆಯಲ್ಲಿದ್ದ ಪರದೆಗೂ ಹೊಂದಾಣಿಕೆ ಇರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ಮೊದಲು ಲ್ಯಾಪ್‌ಟಾಪ್ ನೋಡಿ, ಆಮೇಲೆ ಪೆನ್

ದೇವರಾಜ ಅರಸು ರಸ್ತೆಯ ಅಂಗಡಿಗೆ ಹೊರಡುವ ಮುಂಚೆ ವಿಂಡೋಸ್‌ನ ಸೆಟ್ಟಿಂಗ್ಸ್ ತೆರೆದು, ಸಿಸ್ಟಂ, ಅದರೊಳಗೆ ಅಬೌಟ್ ಒತ್ತಿ. ಅಲ್ಲಿ ‘ಪೆನ್ ಅಂಡ್ ಟಚ್’ ಎಂಬ ಸಾಲು ಇರುತ್ತದೆ. ಅದರ ಮುಂದೆ ‘ಪೆನ್ ಅಂಡ್ ಟಚ್ ಸಪೋರ್ಟ್’ ಎಂದಿದ್ದರೆ ನಿಮ್ಮ ಪರದೆ ನಿಜವಾದ ಡಿಜಿಟಲ್ ಪೆನ್ನನ್ನು ಗುರುತಿಸುತ್ತದೆ. ಬರೀ ‘ಟಚ್ ಸಪೋರ್ಟ್’ ಎಂದಿದ್ದರೆ ಅದಕ್ಕೆ ಬೆರಳು ಮಾತ್ರ ಗೊತ್ತು. ಎಷ್ಟೇ ದುಬಾರಿ ಪೆನ್ ತಂದರೂ ಸಣ್ಣ ಅಕ್ಷರ ಮೂಡುವುದಿಲ್ಲ. ಟಚ್ ಇದೆ ಎಂದ ಮಾತ್ರಕ್ಕೆ ಪೆನ್ ನಡೆಯುತ್ತದೆ ಎಂದು ಅಂಗಡಿಯವರು ಹೇಳಿದರೂ ಈ ಸಾಲನ್ನು ನೋಡದೆ ದುಡ್ಡು ಕೊಡಬೇಡಿ.

ಬೆರಳಿಗೂ ಪೆನ್ನಿಗೂ ಇರುವ ವ್ಯತ್ಯಾಸ ಇಷ್ಟು. ನಮ್ಮ ಬೆರಳು ವಿದ್ಯುತ್ ವಾಹಕವಾದ್ದರಿಂದ ಅದು ತಾಗಿದ ಜಾಗದಲ್ಲಿ ಪರದೆಯ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಆ ಬದಲಾವಣೆಯೇ ಸ್ಪರ್ಶ. ತುದಿಗೆ ರಬ್ಬರ್ ಇರುವ ಅಗ್ಗದ ಪೆನ್ನು ಮಾಡುವುದೂ ಬೆರಳಿನ ಕೆಲಸವನ್ನೇ. ಅದಕ್ಕೆ ದಪ್ಪ ತುದಿ ಬೇಕು. ಒತ್ತಿ ಬರೆದರೂ ತೇಲಿಸಿ ಬರೆದರೂ ಗೆರೆ ಒಂದೇ. ಅಂಗೈ ಊರಿದರೆ ಅಲ್ಲೂ ಗೀಟು ಬೀಳುತ್ತದೆ. ಆಕ್ಟಿವ್ ಪೆನ್ ಬೇರೆ ಜಾತಿಯದು. ಅದರೊಳಗೆ ಎಲೆಕ್ಟ್ರಾನಿಕ್ಸ್ ಇದ್ದು, ತನ್ನ ತುದಿ ಎಲ್ಲಿದೆ, ಎಷ್ಟು ಒತ್ತಡ ಬಿದ್ದಿದೆ ಎಂಬುದನ್ನು ಪರದೆಗೆ ತಾನೇ ತಿಳಿಸುತ್ತಿರುತ್ತದೆ. ಬರವಣಿಗೆಗೆ ಬೇಕಾದ್ದು ಇದು.

ಇಲ್ಲಿ ಇನ್ನೊಂದು ತೊಡಕಿದೆ. ಪರದೆಯ ಜತೆ ಮಾತಾಡುವ ಪದ್ಧತಿ ಎಲ್ಲ ಆಕ್ಟಿವ್ ಪೆನ್ನುಗಳಿಗೂ ಒಂದೇ ಅಲ್ಲ. ಮೈಕ್ರೋಸಾಫ್ಟ್‌ನ ಎಂಪಿಪಿ, ವಾಕಮ್ ಕಂಪನಿಯ ಎಇಎಸ್, ಕ್ರೋಮ್‌ಬುಕ್‌ಗಳಲ್ಲಿ ಹೆಚ್ಚಾಗಿ ಸಿಗುವ ಯುಎಸ್‌ಐ, ಹೀಗೆ ಹಲವು ಇವೆ. ಮೈಕ್ರೋಸಾಫ್ಟ್‌ನದೇ ಆದ ಸರ್ಫೇಸ್ ಸಾಧನಗಳಿಗೆ ಎಂಪಿಪಿ ಬೇಕು. ಒಂದು ಪದ್ಧತಿಯ ಪೆನ್ನು ಇನ್ನೊಂದರ ಪರದೆಯಲ್ಲಿ ಗೆರೆ ಎಳೆಯುವುದೇ ಇಲ್ಲ. ಆಪಲ್ ಪೆನ್ಸಿಲ್ ಐಪ್ಯಾಡ್‌ಗೆ ಮಾತ್ರ. ಲ್ಯಾಪ್‌ಟಾಪ್ ತಳದಲ್ಲಿ ಅಂಟಿಸಿರುವ ಮಾಡೆಲ್ ನಂಬರ್ ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಮಾಡೆಲ್‌ಗೆ ಯಾವ ಪೆನ್ ಹೇಳಿದ್ದಾರೆ ಎಂದು ನೋಡಿ. ಎಂಪಿಪಿ, ಎಇಎಸ್ ಎರಡಕ್ಕೂ ಒಗ್ಗುವ ಪೆನ್ನುಗಳೂ ಇವೆ. ಪದ್ಧತಿ ಬದಲಿಸುವ ವಿಧಾನ ಅವುಗಳ ಕೈಪಿಡಿಯಲ್ಲಿರುತ್ತದೆ.

ಬ್ಯಾಟರಿಯನ್ನೂ ವಿಚಾರಿಸಿ. ಕೆಲವಕ್ಕೆ ನಾಲ್ಕು ‘ಎ’ಗಳ ತೆಳ್ಳನೆಯ ಸೆಲ್ ಬೇಕು. ಟಿವಿ ರಿಮೋಟಿಗೆ ಹಾಕುವ ಮೂರು ‘ಎ’ ಸೆಲ್ ಅದರೊಳಗೆ ಹೋಗುವುದಿಲ್ಲ, ಈ ತೆಳ್ಳನೆಯದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮದ್ದೂರು, ಪಾಂಡವಪುರದಂಥ ಊರಿನಲ್ಲಿರುವವರಿಗೆ ಟೈಪ್-ಸಿ ಕೇಬಲ್‌ನಿಂದ ಚಾರ್ಜ್ ಆಗುವ ಪೆನ್ನೇ ಮೇಲು.

ಜೋಡಣೆ

ಬ್ಲೂಟೂತ್ ಜೋಡಿಸದೆ ಪೆನ್ ಬರೆಯುವುದಿಲ್ಲ ಎಂದು ತಿಳಿದು ಒದ್ದಾಡುವವರುಂಟು. ಎಂಪಿಪಿ ಪೆನ್ನುಗಳಲ್ಲಿ ಬರೆಯಲು ಬ್ಲೂಟೂತ್ ಬೇಕಿಲ್ಲ, ತುದಿ ತಾಗಿಸಿದರೆ ಸಾಕು. ಬ್ಲೂಟೂತ್ ಇರುವುದು ಮೇಲ್ತುದಿಯ ಗುಂಡಿಗಾಗಿ.

ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’, ಅದರೊಳಗೆ ‘ಪೆನ್ ಅಂಡ್ ವಿಂಡೋಸ್ ಇಂಕ್’ ತೆರೆಯಿರಿ. ಯಾವ ಕೈಯಲ್ಲಿ ಬರೆಯುತ್ತೀರಿ ಎಂದು ಅಲ್ಲೇ ತಿಳಿಸಬೇಕು. ಎಡಗೈಯವರು ಇದನ್ನು ಬದಲಿಸದಿದ್ದರೆ ಮೆನುಗಳು ಕೈಯ ಅಡಿಗೇ ಬಂದು ಕೂರುತ್ತವೆ. ತುದಿ ಒಂದು ಕಡೆ, ಗೆರೆ ಇನ್ನೊಂದು ಕಡೆ ಬೀಳುತ್ತಿದ್ದರೆ ಸರ್ಚ್‌ನಲ್ಲಿ ‘ಕ್ಯಾಲಿಬ್ರೇಟ್’ ಎಂದು ಹುಡುಕಿ, ತೋರಿಸುವ ಗುರುತುಗಳನ್ನು ಪೆನ್ನಿನಿಂದ ಒತ್ತುತ್ತ ಹೋಗಿ. ನೀವು ಬರೆಯಲು ಕೂರುವ ಭಂಗಿಯಲ್ಲೇ ಇದನ್ನು ಮಾಡಬೇಕು, ನೋಟದ ಕೋನ ಬದಲಾದರೆ ಲೆಕ್ಕ ತಪ್ಪುತ್ತದೆ.

ಪೂರ್ತಿ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್ ಆದರೆ ಪರದೆಯನ್ನು ಹಲಗೆಯ ಹಾಗೆ ಮೇಜಿನ ಮೇಲೆ ಮಲಗಿಸಿ. ಮಡಚದ್ದಾದರೆ ಪರದೆಯ ಬೆನ್ನಿಗೆ ಗಟ್ಟಿಯಾದ ಆಸರೆ ಕೊಡಿ, ಇಲ್ಲದಿದ್ದರೆ ಪ್ರತಿ ಅಕ್ಷರಕ್ಕೂ ಅದು ಅಲ್ಲಾಡುತ್ತದೆ.

ಅಂಗೈ ಊರುವುದಕ್ಕೂ ಒಂದು ಕ್ರಮವಿದೆ. ಆಕ್ಟಿವ್ ಪೆನ್ನಿನ ತುದಿ ಪರದೆಗೆ ಸುಮಾರು ಒಂದು ಸೆಂಟಿಮೀಟರ್ ಹತ್ತಿರ ಬಂದಾಗಲೇ ಲ್ಯಾಪ್‌ಟಾಪ್ ಅದನ್ನು ಗುರುತಿಸಿ, ಕೈಯ ಸ್ಪರ್ಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಆದ್ದರಿಂದ ಮೊದಲು ಪೆನ್ ತುದಿ ತನ್ನಿ, ಆಮೇಲೆ ಕೈ ಊರಿ. ಎರಡು ದಿನ ಗಮನವಿಟ್ಟರೆ ರೂಢಿಯಾಗುತ್ತದೆ.

ಕನ್ನಡ ಬರೆಯುವಾಗ

ಇದು ನನಗೆ ಬಹಳ ಮುಖ್ಯವೆನಿಸುವ ಭಾಗ. ಡಿಜಿಟಲ್ ಪೆನ್ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಇಂಗ್ಲಿಷ್ ಬರವಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡವು. ನಮ್ಮ ಅಕ್ಷರಗಳಿಗೆ ಗುಂಡಗಿನ ಸುತ್ತು ಹೆಚ್ಚು, ಸಾಲಿನ ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಕೂರುತ್ತದೆ. ‘ಸ್ವಾತಂತ್ರ್ಯ’ದಲ್ಲಿ ಒಂದೇ ತಕಾರಕ್ಕೆ ಎರಡು ಒತ್ತು.

ಒನ್‌ನೋಟ್ ಎಂಬ ಮೈಕ್ರೋಸಾಫ್ಟ್‌ನ ಟಿಪ್ಪಣಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಲಿಯುವವರಿಗೆ ಅದನ್ನೇ ಹೇಳುತ್ತೇನೆ. ಹೊಸ ಪುಟ ತೆರೆದು ವ್ಯೂ ಮೆನುವಿನ ‘ರೂಲ್ ಲೈನ್ಸ್’ನಲ್ಲಿ ಅಗಲ ಸಾಲುಗಳನ್ನು ಆರಿಸಿ. ಹತ್ತಿರ ಹತ್ತಿರದ ಸಾಲು ಹಾಕಿಕೊಂಡರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಡ್ರಾ ಮೆನುವಿನಲ್ಲಿ ತೆಳ್ಳನೆಯ ಪೆನ್ ತೆಗೆದುಕೊಂಡು ‘ಶ್ರೀರಂಗಪಟ್ಟಣ’ ಎಂದು ಬರೆಯಿರಿ. ರ ಒತ್ತು, ದೀರ್ಘ, ಸೊನ್ನೆ, ಟ ಒತ್ತು ಎಲ್ಲವೂ ಈ ಒಂದು ಹೆಸರಿನಲ್ಲಿವೆ. ಅದು ಸ್ಪಷ್ಟವಾಗಿ ಬಂದರೆ ಉಳಿದದ್ದೂ ಬರುತ್ತದೆ. ಸೊನ್ನೆ ಮುಚ್ಚಿಹೋಗುತ್ತಿದ್ದರೆ ಪುಟವನ್ನು 150 ಪ್ರತಿಶತಕ್ಕೆ ಹಿಗ್ಗಿಸಿ ದೊಡ್ಡದಾಗಿ ಬರೆಯಿರಿ. 100ಕ್ಕೆ ಇಳಿಸಿದಾಗ ಅಕ್ಷರ ಅಚ್ಚುಕಟ್ಟಾಗಿ ಕಾಣುತ್ತದೆ.

ಅಳಿಸಲು ‘ಸ್ಟ್ರೋಕ್ ಇರೇಸರ್’ ಬಳಸಿ. ಪೆನ್ ಎತ್ತದೆ ಎಳೆದ ಒಂದು ಗೆರೆಯನ್ನು ಅದು ಒಟ್ಟಿಗೆ ಅಳಿಸುತ್ತದೆ. ಕನ್ನಡದಲ್ಲಿ ಒತ್ತನ್ನು ನಾವು ಬೇರೆಯಾಗಿಯೇ ಬರೆಯುವುದರಿಂದ, ಮಗು ತಪ್ಪು ಒತ್ತು ಕೊಟ್ಟರೆ ಒತ್ತನ್ನಷ್ಟೇ ಅಳಿಸಿ ಸರಿಯಾದದ್ದನ್ನು ಬರೆಸಬಹುದು, ಮೂಲಾಕ್ಷರ ಹಾಗೇ ಇರುತ್ತದೆ. ಕಾಗದದ ಮೇಲೆ ರಬ್ಬರಿನಿಂದ ಇಷ್ಟು ನಾಜೂಕಾಗಿ ಆಗುವುದಿಲ್ಲ.

ಕೈಬರಹವನ್ನು ಟೈಪ್ ಅಕ್ಷರವಾಗಿಸಬೇಕೇ? ಸದ್ಯಕ್ಕೆ ಆಂಡ್ರಾಯ್ಡ್ ಫೋನ್ ಸುಲಭದ ದಾರಿ. ಗೂಗಲ್ 2015ರಲ್ಲಿ 82 ಭಾಷೆಗಳಿಗೆ ತಂದ ಕೈಬರಹದ ಆ್ಯಪ್‌ನಲ್ಲಿ ಕನ್ನಡವೂ ಇತ್ತು. ಈಗ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲೇ ಕನ್ನಡ ಸೇರಿಸುವಾಗ ಕೈಬರಹವನ್ನು ಆರಿಸಿಕೊಳ್ಳಬಹುದು.

ಉತ್ತರಪತ್ರಿಕೆ, ಚಿತ್ರ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ಹೋಂವರ್ಕ್ ತಿದ್ದಲು ಬೇರೆ ತಂತ್ರಾಂಶ ಬೇಕಿಲ್ಲ. ಎಡ್ಜ್ ಬ್ರೌಸರ್‌ನಲ್ಲಿ ತೆರೆದು, ಮೇಲಿನ ‘ಡ್ರಾ’ ಒತ್ತಿ, ಕೆಂಪು ಬಣ್ಣ ಆರಿಸಿ ತಿದ್ದಿ, ಸೇವ್ ಮಾಡಿ ಕಳಿಸಿ.

ಚಿತ್ರ ಬರೆಯುವವರಿಗೆ ಕ್ರಿಟಾ ಎಂಬ ತಂತ್ರಾಂಶ ಇದೆ. ಅದೂ ಉಚಿತ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ನವಿರಾದ ರೇಖೆಗಳನ್ನು ಅಭ್ಯಾಸ ಮಾಡುವವರು ಬ್ರಷ್‌ನ ಆಯ್ಕೆಗಳಲ್ಲಿ ‘ಸ್ಟೆಬಿಲೈಸರ್’ ಹಾಕಿಕೊಂಡರೆ ಉದ್ದನೆಯ ಬಾಗುಗೆರೆ ನಡುಗದೆ ಬರುತ್ತದೆ. ಒತ್ತಿದರೂ ಗೆರೆ ದಪ್ಪವಾಗದಿದ್ದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ವಿನ್‌ಟ್ಯಾಬ್ ಬದಲು ವಿಂಡೋಸ್ ಇಂಕ್ ಆರಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆಯಿರಿ.

ಗೆರೆ ಕೆಟ್ಟರೆ

ನೇರವಾಗಿ ಎಳೆದ ಗೆರೆ ಹಾವಿನಂತೆ ಹರಿದಾಡುತ್ತಿದ್ದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಅರ್ತಿಂಗ್ ಸರಿಯಿಲ್ಲದ ಪ್ಲಗ್ಗಿನಿಂದ, ಕಳಪೆ ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲ ಪರದೆಯನ್ನು ಗಲಿಬಿಲಿಗೊಳಿಸುತ್ತದೆ. ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಇದನ್ನು ಮರೆಯದೆ ಪರೀಕ್ಷಿಸಬೇಕು. ದಪ್ಪ ಗಾಜಿನ ಸ್ಕ್ರೀನ್ ಗಾರ್ಡ್ ಕೂಡ ನಿಖರತೆ ಕೆಡಿಸಬಹುದು. ಗಾಜು ಜಾರುತ್ತದೆ ಎನ್ನುವವರು ಕಾಗದದಂತೆ ಒರಟಾಗಿರುವ ಮ್ಯಾಟ್ ಹಾಳೆ ಅಂಟಿಸಿಕೊಳ್ಳಬಹುದು. ಗುಂಡು ಅಕ್ಷರಕ್ಕೆ ಹಿಡಿತ ಸಿಗುತ್ತದೆ, ಆದರೆ ನಿಬ್ಬು ಬೇಗ ಸವೆಯುತ್ತದೆ. ನಿಬ್ಬಿನ ತುದಿ ಒಂದು ಪಕ್ಕಕ್ಕೆ ಚಪ್ಪಟೆಯಾಗಿದ್ದರೆ ಅಥವಾ ಒಳಗಿನ ಗಟ್ಟಿ ಭಾಗ ಕಾಣುತ್ತಿದ್ದರೆ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಚಿಮಟದಿಂದ ಅದನ್ನು ನೇರವಾಗಿ ಎಳೆದು ತೆಗೆದು, ಅದೇ ಪೆನ್ನಿನ ಹೊಸ ನಿಬ್ಬು ಸಿಕ್ಕಿಸಿ, ಪರದೆಯನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ ಮುಂದುವರಿಸಿ.