ಪಿಯುಸಿ ಇಂಗ್ಲಿಷ್ ಪಾಠಗಳನ್ನು ನಾನು ಅಡಿಕೆ ಚಪ್ಪರದಲ್ಲಿ ಓದಿದ್ದು

ಹತ್ತನೇ ಕ್ಲಾಸಿನ ತನಕ ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಪಾಸಾಗಿದ್ದು ಪೂರ್ತಿ ಬಾಯಿಪಾಠದ ಬಲದಿಂದ. ಪ್ರಶ್ನೆಯ ಮೊದಲ ಎರಡು ಪದ ನೋಡಿದರೆ ಸಾಕು, ಉತ್ತರ ತಾನಾಗಿಯೇ ಕೈಗೆ ಬರುತ್ತಿತ್ತು. ಏನು ಬರೆದೆ ಅಂತ ಕೇಳಿದ್ದರೆ ಮಾತ್ರ ಕಷ್ಟವಿತ್ತು.

ಆಮೇಲೆ ಸಾಗರದ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಆರ್ಟ್ಸ್ ಸೇರಿದೆ. ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದದ್ದು 2016ರಲ್ಲಿ. ಆಗ ಇಂಗ್ಲಿಷಿಗೆ ನೂರು ಅಂಕದ ಪೇಪರ್, ಮೂರು ಕಾಲು ಗಂಟೆ, ಅದರಲ್ಲಿ ಮೊದಲ 15 ನಿಮಿಷ ಸುಮ್ನೆ ಪ್ರಶ್ನೆ ಓದಿಕೊಳ್ಳೋಕೆ. ಪುಸ್ತಕ ತೆರೆದರೆ ಶೇಕ್ಸ್‌ಪಿಯರ್, ಟಾಲ್‌ಸ್ಟಾಯ್, ಯೇಟ್ಸ್, ನೆರೂಡ, ನೈಜೀರಿಯಾದ ಚಿನುವಾ ಅಚಿಬೆ, ನಡುವೆ ನಮ್ಮ ಲಂಕೇಶ್, ಕುವೆಂಪು, ಅವರೂ ಇಂಗ್ಲಿಷಿನಲ್ಲಿ! ಕ್ಲಾಸಿನಲ್ಲಿ ಸರ್ ಬೋರ್ಡಿನ ಮೇಲೆ ಸಾರಾಂಶ ಬರೆಯುತ್ತಿದ್ದರು, ನಾವು ಇಳಿಸಿಕೊಳ್ಳುತ್ತಿದ್ದೆವು. ಅವರನ್ನು ದೂರುತ್ತಿಲ್ಲ, ತೊಂಬತ್ತು ಜನರ ಕ್ಲಾಸಿನಲ್ಲಿ ಇನ್ನೇನು ಮಾಡ್ತಾರೆ. ಆದರೆ ಮೊದಲ ಟೆಸ್ಟಿನಲ್ಲಿ ಗೈಡಿನ ಉತ್ತರದ ನಡುವಿನ ಒಂದು ಸಾಲು ಮರೆತುಹೋಯಿತು, ಅಲ್ಲಿಗೆ ಅದರ ಹಿಂದಿನದು, ಮುಂದಿನದು ಎಲ್ಲಾ ಹೋಯಿತು. ಈ ವಿದ್ಯೆ ಇನ್ನು ನಡೆಯಲ್ಲ ಅಂತ ಅವತ್ತೇ ಗೊತ್ತಾಗಿದ್ದು.

ದಾರಿ ಸಿಕ್ಕಿದ್ದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ರಾತ್ರಿ ಹತ್ತು ಹನ್ನೊಂದರ ತನಕ ಸುಲಿತ. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ ಕೈ ಅದರ ಪಾಡಿಗೆ ಓಡುತ್ತದೆ, ಬಾಯಿಗೆ ಕೆಲಸ ಬೇಕು. ಒಂದು ದಿನ ಅಜ್ಜಿ, "ಅದೇನು ಓದ್ತೀಯೋ, ನಮಗೂ ಹೇಳೆ" ಅಂದಳು. ಟಾಲ್‌ಸ್ಟಾಯ್ ಕತೆ ಹೇಳಿದೆ. ಪುಟ್ಟ ರಾಜ್ಯವೊಂದರಲ್ಲಿ ಒಬ್ಬ ಕೊಲೆ ಮಾಡುತ್ತಾನೆ. ತಲೆ ತೆಗೆಯುವ ಯಂತ್ರ ಅವರಲ್ಲಿಲ್ಲ. ಫ್ರಾನ್ಸ್ ಕೇಳಿದರೆ 16,000 ಫ್ರಾಂಕ್, ಇಟಲಿ ಕೇಳಿದರೆ 12,000. ದುಬಾರಿ ಅಂತ ಜೈಲಿಗೆ ಹಾಕಿದರೆ ಅವನಿಗೆ ಊಟ ಹಾಕುವ ಖರ್ಚೇ ಹೊರೆ. ಓಡಿಹೋಗು ಮಾರಾಯ ಅಂದರೆ ಅವನು ಹೋಗಲ್ಲ! ಕಡೆಗೆ ಪೆನ್ಷನ್ ಕೊಟ್ಟು ಕಳಿಸುತ್ತಾರೆ. ಚಪ್ಪರದಲ್ಲಿ ಎಲ್ಲರೂ ನಕ್ಕರು. ಆಮೇಲೆ ಒಬ್ಬರು, "ಕಡೆಗೆ ಪೆನ್ಷನ್ ಯಾಕೆ ಕೊಟ್ರು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಪುಸ್ತಕ ನೋಡಿದೆ. ಉತ್ತರ ಬೇಕು ಅಂತ ನಾನೇ ಇಂಗ್ಲಿಷ್ ಪಾಠ ಓದಿದ್ದು ಅದೇ ಮೊದಲು.

ಅಲ್ಲಿಂದ ನನ್ನ ಕ್ರಮ ಇಷ್ಟೇ. ಪಾಠ ಎರಡು ಸಲ ಓದು, ಡಿಕ್ಷನರಿ ಮುಟ್ಟಬೇಡ. ರಾತ್ರಿ ಅದನ್ನು ಕತೆ ಮಾಡಿ ಹೇಳು. ಎಲ್ಲಿ ತಡವರಿಸಿದೆಯೋ ಅಲ್ಲಿಗೆ ಬೆಳಿಗ್ಗೆ ವಾಪಸ್ ಹೋಗು. ಅರ್ಥವಾಗದ ಪದಗಳೆಲ್ಲ ಬೇಕಿರಲಿಲ್ಲ, ತಡವರಿಸಿದ ಜಾಗದ ನಾಲ್ಕೈದು ಸಾಕಾಗಿತ್ತು. ಅದಾದ ಮೇಲೆ ಅದೇ ಕತೆ ಇಂಗ್ಲಿಷಿನಲ್ಲಿ ಎಂಟು ಹತ್ತು ಸಾಲು, ನನ್ನದೇ ಸಾಲು, ತಪ್ಪಿದ್ದರೂ ಪರವಾಗಿಲ್ಲ. ಗೈಡ್ ಕೊನೆಗೆ, ಬಿಟ್ಟುಹೋದದ್ದು ಏನು ಅಂತ ನೋಡೋಕೆ ಮಾತ್ರ.

ಅಚಿಬೆಯ ಮತದಾರನ ಕತೆಯಂತೂ ನಮ್ಮ ಪಂಚಾಯ್ತಿ ಎಲೆಕ್ಷನ್ನೇ. ರೂಫ್ ಎಂಬ ಯುವಕ ಮಂತ್ರಿಯ ಪರ ಓಟು ಕೇಳುತ್ತಾ ಊರೆಲ್ಲ ತಿರುಗುತ್ತಾನೆ, ಎದುರು ಪಾರ್ಟಿಯವರು ಐದು ಪೌಂಡ್ ಕೊಟ್ಟಾಗ ಅದನ್ನೂ ತಗೊಳ್ಳುತ್ತಾನೆ. ಅವರು ಸುಮ್ನೆ ಬಿಡಲ್ಲ, 'ಇಯಿ' ಅನ್ನುವ ದೈವದ ವಸ್ತು ತಂದು ಆಣೆ ಮಾಡಿಸುತ್ತಾರೆ. ಗೈಡಿನಲ್ಲಿ 'ಇಯಿ'ಗೆ ಅರ್ಧ ಸಾಲಿನ ವಿವರಣೆ ಇತ್ತು, ಏನೂ ತಿಳಿಯಲಿಲ್ಲ. ಚಪ್ಪರದಲ್ಲಿ ಹೇಳಿದಾಗ ಒಬ್ಬಳು, "ಓ, ದೇವರ ಫೋಟೋ ಮುಟ್ಟಿಸಿದಂಗೆ" ಅಂದಳು. ಮುಗೀತು! ದುಡ್ಡಿಗೆ ಹೆದರದವನು ಆಣೆಗೆ ಯಾಕೆ ಹೆದರುತ್ತಾನೆ ಅಂತ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಅವನು ಮತಪತ್ರವನ್ನು ಮಡಿಕೆಗೆ ಸರಿಯಾಗಿ ಹರಿದು ಎರಡು ಪೆಟ್ಟಿಗೆಗೂ ಅರ್ಧರ್ಧ ಹಾಕಿದ ಅಂದೆ. ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅಜ್ಜಿ, "ಇಬ್ರಿಗೂ ಋಣ ತೀರಿಸಿದ, ಓಟು ಮಾತ್ರ ಹಾಳು" ಅಂದಳು. ಪರೀಕ್ಷೆಯ ನಾಲ್ಕು ಅಂಕದ ಉತ್ತರಕ್ಕೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಕೊನೆಯ ಸಾಲು ಮಾಡಿಕೊಂಡೆ.

ಪದ್ಯ ಬೇರೆ ಕತೆ. ಯೇಟ್ಸನ ಪದ್ಯದಲ್ಲಿ ಮುದುಕಿಯೊಬ್ಬಳು ಬೆಂಕಿಯ ಪಕ್ಕ 'ನಾಡಿಂಗ್' ಮಾಡುತ್ತಾ ಕೂತಿರುತ್ತಾಳೆ. ನನ್ನ ನೋಟ್ಸಿನಲ್ಲಿ 'ತಲೆಯಾಡಿಸುತ್ತಾ' ಅಂತಿತ್ತು, ಯಾವುದಕ್ಕೆ ಹೂಂ ಅನ್ನುತ್ತಿದ್ದಾಳೆ ಅಂತ ತುಂಬಾ ದಿನ ಯೋಚಿಸಿದ್ದೆ. ಒಂದು ಸಂಜೆ ಬಚ್ಚಲೊಲೆ ಮುಂದೆ ಅಜ್ಜಿಯ ತಲೆ ವಾಲಿ ವಾಲಿ ಏಳುತ್ತಿದ್ದದ್ದು ಕಂಡಿತು. ತೂಕಡಿಸುವುದು ಅಷ್ಟೇ! ಇನ್ನೊಂದು ತೊಡಕು: ಅಲ್ಲಿನ 'ಯೂ' ಕನ್ನಡದಲ್ಲಿ ನೀನೋ ನೀವೋ? ಕವಿ ಮಾತಾಡುತ್ತಿರುವುದು ತಾನು ಪ್ರೀತಿಸಿದವಳ ಜೊತೆ, ಹಾಗಾಗಿ ನೀನು ಸರಿ. ಆದರೆ ಅವಳು ಒಲಿಯದೇ ಹೋದವಳು, ಪದ್ಯದಲ್ಲಿ ಮುದುಕಿ ಬೇರೆ. ನಾನು 'ನೀನು' ಅಂತಲೇ ಬರೆದುಕೊಂಡೆ, ಈಗಲೂ ಅರೆಮನಸ್ಸು. ಶೇಕ್ಸ್‌ಪಿಯರ್‌ಗೆ ಈ ತಾಪತ್ರಯ ಇರಲಿಲ್ಲ, ಆಗಿನ ಇಂಗ್ಲಿಷಿನಲ್ಲಿ 'ದೌ' ಅಂದರೆ ನಮ್ಮ ನೀನು. ಇದು ಗೊತ್ತಾದ ಮೇಲೆ ರೋಮಿಯೋ ಜೂಲಿಯೆಟ್ ಪಾಠದ ಅರ್ಧ ಹೆದರಿಕೆ ಹೋಯಿತು.

ಕುವೆಂಪು ಪದ್ಯಕ್ಕೆ ನಾನು ಮಾಡಿದ್ದು ಕಳ್ಳದಾರಿ. ಕನ್ನಡ ಮೇಡಂ ಹತ್ತಿರ ಮೂಲ ಕೇಳಿ ಬರೆದುಕೊಂಡು, ಎರಡನ್ನೂ ಎದುರುಬದುರು ಇಟ್ಟು ಓದಿದೆ. ನಿಜ ಹೇಳಬೇಕೆಂದರೆ ಇಂಗ್ಲಿಷಿನದು ಸಪ್ಪೆ ಅನ್ನಿಸಿತು, ಉತ್ತರದಲ್ಲಿ ಹಾಗಂತ ಬರೆಯಲಿಲ್ಲ.

ವ್ಯಾಕರಣ ಹತ್ತಿದ್ದೂ ಕನ್ನಡದಿಂದಲೇ. 'ಎ' ಮತ್ತು 'ದಿ' ನಮ್ಮ ಭಾಷೆಯಲ್ಲಿ ಇಲ್ಲ, ಎಲ್ಲಿ ಹಾಕಬೇಕು ಅಂತ ತಿಳಿಯುತ್ತಿರಲಿಲ್ಲ. ಆದರೆ ಅಜ್ಜಿ ಕತೆ ಶುರುಮಾಡುವುದು ಹೇಗೆ? "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡ್ತೀರು." ಮೊದಲ ಸಲ 'ಒಬ್ಬ', ಪರಿಚಯ ಆದಮೇಲೆ 'ಆ'. ಒಬ್ಬ ಬರುವಲ್ಲಿ 'ಎ', ಆ ಬರುವಲ್ಲಿ 'ದಿ'. ಎಲ್ಲಾ ಕಡೆ ನಡೆಯಲ್ಲ (ಸೂರ್ಯನಿಗೆ ಪರಿಚಯವೇ ಬೇಡ, ಮೊದಲ ಸಲವೇ 'ದಿ'), ಆದರೂ ಹತ್ತಕ್ಕೆ ಏಳು ಸರಿಯಾಗುತ್ತಿತ್ತು. ರಿಪೋರ್ಟೆಡ್ ಸ್ಪೀಚ್ ಮಾತ್ರ ಕೊನೆಯ ತನಕ ಕಾಡಿತು. ನಾವು ಅವನು ಆಡಿದ ಮಾತನ್ನು ಹಾಗೇ ಇಟ್ಟು ಮುಂದೆ 'ಅಂದ' ಸೇರಿಸಿಬಿಡುತ್ತೇವೆ, 'ನಾಳೆ ಬರ್ತೀನಿ ಅಂದ', ಅಷ್ಟೇ. ಇಂಗ್ಲಿಷಿನಲ್ಲಿ ನಾನು ಅವನಾಗಬೇಕು, ನಾಳೆ ಮರುದಿನವಾಗಬೇಕು, ಕ್ರಿಯಾಪದ ಹಿಂದಕ್ಕೆ ಸರಿಯಬೇಕು. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ, ಐವತ್ತು ಅರವತ್ತು ವಾಕ್ಯ ಬರೆದು ಬರೆದು ಕೈಗೆ ಹತ್ತಿಸಿಕೊಂಡೆ. ಕೆಲಸಕ್ಕೆ ಅರ್ಜಿ ಬರೆಯುವುದನ್ನು ಮಾತ್ರ ಬಾಯಿಪಾಠವೇ ಮಾಡಿ, ಅದರಲ್ಲಿ ಅರ್ಥ ಹುಡುಕೋದು ದಂಡ.

ಈ ಕ್ರಮಕ್ಕೆ ಒಂದು ಅಪಾಯವೂ ಇದೆ. ನೆರೂಡನ ಪದ್ಯದಲ್ಲಿ ಮಗುವಿನ ಪಾದಕ್ಕೆ ತಾನು ಪಾದ ಅಂತ ಇನ್ನೂ ಗೊತ್ತಿರಲ್ಲ, ಚಿಟ್ಟೆಯೋ ಸೇಬೋ ಆಗಬೇಕು ಅಂತ ಅದಕ್ಕೆ ಆಸೆ. ಆಮೇಲೆ ಕಲ್ಲು, ಬೀದಿ, ಕೊನೆಗೆ ಬೂಟಿನೊಳಗಿನ ಕತ್ತಲು. ಪ್ರಿಪರೇಟರಿ ಪರೀಕ್ಷೆಯಲ್ಲಿ ನಾನು ಅಪ್ಪನ ಕಾಲಿನ ಬಗ್ಗೆ ಬರೆದೆ. ತೋಟದ ಕೆಸರಿನಲ್ಲಿ ಒಡೆದ ಹಿಮ್ಮಡಿ, ಬೂಟೇ ಕಾಣದ ಬೆರಳು, ಅರ್ಧ ಪುಟ. ನಾಲ್ಕಕ್ಕೆ ಒಂದೂವರೆ ಬಂತು. ಸರ್ ಕರೆದು, "ಚೆನ್ನಾಗಿದೆ, ಆದ್ರೆ ನಿಮ್ಮಪ್ಪನ ಕಾಲು ಪಾಠದಲ್ಲಿಲ್ಲ ಕಣಮ್ಮ" ಅಂದರು. ಸರಿಯೇ, ಪ್ರಶ್ನೆ ಪದ್ಯದ ಬಗ್ಗೆ ಇತ್ತು. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಲೆಕ್ಕ ಸರಿಮಾಡಿಕೊಂಡಿದ್ದೆ: ಮೊದಲು ಪದ್ಯದಲ್ಲಿ ಏನಿದೆಯೋ ಅದು, ಅದರದ್ದೇ ಎರಡು ಮೂರು ಪದ ಎತ್ತಿಕೊಂಡು, ನನ್ನದೇನಿದ್ದರೂ ಕೊನೆಯ ಒಂದೇ ಸಾಲು.

ಎಂಬತ್ತೊಂದು ಬಂತು. ರಿಸಲ್ಟ್ ದಿನ ಅಜ್ಜಿ ಕೇಳಿದ್ದು ಅಂಕ ಅಲ್ಲ, ಡಿಗ್ರಿ ಪುಸ್ತಕದಲ್ಲಿ ಎಷ್ಟು ಕತೆ ಇರ್ತವೆ ಅಂತ.